ಮೂವತ್ತೊಂದನೇ ಕಾರ್ಡು

ಜನವರಿ 12

ಭಾವ,

ಶುಕ್ರವಾರ ನಮ್ಮ ಎರಡನೇ ಆಲ್ಬಮ್ ಹೊರಬಂತು. ನೀವು ಫೋನ್ ಎತ್ತುವುದಿಲ್ಲ, ಎತ್ತಿದರೂ ಎರಡೇ ನಿಮಿಷಕ್ಕೆ ನಾವಿಬ್ಬರೂ ಕಿತ್ತಾಡುತ್ತೇವೆ. "ಹಾಡಿನ ವಿಷಯ ಏನಿದ್ರೂ ಕಾಗದದಲ್ಲಿ ಬರ್ಕೊಳ್ಳಿ, ನನ್ನ ತಲೆ ತಿನ್ಬೇಡಿ" ಎಂದು ಅಕ್ಕ ನಮ್ಮಿಬ್ಬರಿಗೂ ಹೇಳಿದ್ದಳಲ್ಲ, ಅದನ್ನೇ ಪಾಲಿಸುತ್ತಿದ್ದೇನೆ. ಅವಳು ತೀರಿಹೋಗಿ ಐದು ತಿಂಗಳಾದರೂ ಅವಳ ಅಪ್ಪಣೆ ಮೀರುವ ಧೈರ್ಯ ನನಗಿಲ್ಲ.

ಪತ್ರಿಕೆಗಳಲ್ಲಿ ಬಂದದ್ದನ್ನು ಕತ್ತರಿಸಿ ಇದರೊಂದಿಗೆ ಇಟ್ಟಿದ್ದೇನೆ. ನೀವು ಓದುವುದಿಲ್ಲ ಎಂದು ಗೊತ್ತಿರುವುದರಿಂದ ಸಾರಾಂಶ ನಾನೇ ಹೇಳಿಬಿಡುತ್ತೇನೆ. ದಿನಪತ್ರಿಕೆಯವನು ಐದರಲ್ಲಿ ಎರಡು ನಕ್ಷತ್ರ ಕೊಟ್ಟಿದ್ದಾನೆ. "'ಬಾಗಿಲು ಮುಚ್ಚಿರಿ' ಎಂಬ ಮೊದಲ ಆಲ್ಬಮ್ಮಿನಲ್ಲಿ ಈ ಭಾವ-ಭಾಮೈದರ ಜೋಡಿ ಲಿಫ್ಟಿನ ಸದ್ದುಗಳನ್ನು ಇಟ್ಟುಕೊಂಡು ನಮ್ಮನ್ನು ಕುಣಿಸಿತ್ತು. 'ಭಾರಮಿತಿ'ಯಲ್ಲಿ ನಾವು ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೇವೆ, ಗಂಟೆ ಒತ್ತಿದರೂ ಯಾರೂ ಬರುತ್ತಿಲ್ಲ" ಎಂದು ಬರೆದಿದ್ದಾನೆ. ಹೊಟ್ಟೆ ಉರಿದರೂ ಹೇಳುತ್ತೇನೆ, ಚೆನ್ನಾಗಿಯೇ ಬರೆದಿದ್ದಾನೆ.

ಇನ್ನೊಬ್ಬಳು ನಮ್ಮ ಕ್ರಮವನ್ನೇ ಹಿಡಿದು ಜಾಡಿಸಿದ್ದಾಳೆ. "ಒಬ್ಬರು ಸದ್ದು ಹಿಡಿದು ಮೆಮೊರಿ ಕಾರ್ಡಿನಲ್ಲಿ ತುಂಬಿಸಿ ಅಂಚೆಯಲ್ಲಿ ಕಳಿಸುತ್ತಾರಂತೆ. ಅದು ಯಾವುದರ ಸದ್ದು ಎಂದು ಬರೆಯಬಾರದಂತೆ, ಬರೀ ನಂಬರು. ಇನ್ನೊಬ್ಬರು ಅದನ್ನು ಮೂರು ಪಟ್ಟು ನಿಧಾನ ಮಾಡಿಯೇ ಕೇಳಬೇಕಂತೆ. ಬೇಕಾದ ತುಂಡು ಕತ್ತರಿಸಿಕೊಂಡ ಮೇಲೆ ಮೂಲವನ್ನು ಅಳಿಸಿ ಕಾರ್ಡ್ ವಾಪಸ್ ಕಳಿಸಬೇಕಂತೆ. ಎರಡು ವರ್ಷದಿಂದ ಪ್ರತಿ ಸಂದರ್ಶನದಲ್ಲೂ ಇದನ್ನೇ ಕೇಳಿ ಸಾಕಾಗಿದೆ. ಊಟಕ್ಕೆ ಕೂತವರಿಗೆ ಪಾತ್ರೆ ತೊಳೆಯುವ ವಿಧಾನ ಬಡಿಸಿದ ಹಾಗಾಯಿತು." ಇದನ್ನು ಅಕ್ಕ ಓದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಅವಳೂ ನಮಗೆ ಇದನ್ನೇ ಹೇಳುತ್ತಿದ್ದಳು.

ಫೆಬ್ರವರಿ 20ಕ್ಕೆ ಹಳೇ ಗೋದಾಮಿನಲ್ಲಿ ಕಾರ್ಯಕ್ರಮ ಇಟ್ಟಿದ್ದಾರೆ. ಪೋಸ್ಟರಿನಲ್ಲಿ ನಮ್ಮಿಬ್ಬರ ಮುಖವೂ ಇದೆ, ನಿಮ್ಮದು ಎಂದಿನಂತೆ ಹರಳೆಣ್ಣೆ ಕುಡಿದ ಹಾಗಿದೆ. ಬನ್ನಿ ಭಾವ. ನೀವಿಲ್ಲದೆ ಒಬ್ಬನೇ ನಿಂತರೆ ಜೋಡಿ ಎಂದು ಹೇಗೆ ಹೇಳಿಕೊಳ್ಳಲಿ?

ಅಂಗಡಿಗೆ ಅಜ್ಜಿಯೊಬ್ಬರು ಬಂದು ಕೂತಿದ್ದಾರೆ. ಹೋದ ವಾರ ಹಾಕಿಕೊಟ್ಟ ಕಿವಿಯಂತ್ರದಲ್ಲಿ ಟೀವಿ ಚೆನ್ನಾಗಿ ಕೇಳಿಸುತ್ತದಂತೆ, ಸೊಸೆ ಹೇಳಿದ್ದು ಮಾತ್ರ ಕೇಳಿಸುವುದಿಲ್ಲವಂತೆ. ಅದನ್ನು ಸರಿಮಾಡಲು ಹೋಗುತ್ತೇನೆ.

ನಿಮ್ಮ ಭಾಮೈದ


ಜನವರಿ 23

ಕಿವಿ ಡಾಕ್ಟರೇ,

ಕಾಗದ ತಲುಪಿತು. ಪತ್ರಿಕೆಯ ಚೂರುಗಳನ್ನು ಓದಿಲ್ಲ, ಡ್ರಾಯರಿನಲ್ಲಿ ಹಾಕಿದ್ದೇನೆ.

ಈ ವಾರ ಎಂಟು ಮಹಡಿಯ ಹಳೇ ಕಟ್ಟಡವೊಂದರ ಲಿಫ್ಟು ಬಿಚ್ಚಿಕೊಂಡು ಕೂತಿದ್ದೇವೆ. ಹಗ್ಗ ಸವೆದಿದೆ. ಜನ ಮೆಟ್ಟಿಲು ಹತ್ತಿ ಇಳಿಯುತ್ತ ನಮ್ಮನ್ನು ಬೈಯುತ್ತಾರೆ, ಹಗ್ಗ ಕಿತ್ತು ಬಿದ್ದಿದ್ದರೆ ಬೈಯಲು ಅವರೇ ಇರುತ್ತಿರಲಿಲ್ಲ ಎನ್ನುವುದು ಅವರಿಗೆ ಹೊಳೆಯುವುದಿಲ್ಲ.

20ಕ್ಕೆ ಬರುವುದಿಲ್ಲ. ಒಬ್ಬನೇ ನುಡಿಸು. ಐದನೆಯ ಹಾಡನ್ನು ಮಾತ್ರ ನುಡಿಸಬೇಡ. ಯಾಕೆ ಎಂದು ಕೇಳಬೇಡ.

ಊಟ ತಿಂಡಿ ಆಗುತ್ತಿದೆ. ಹೊತ್ತಿಗೆ ಸರಿಯಾಗಿ ಅಲ್ಲ, ಆದರೂ ಆಗುತ್ತಿದೆ.

ಭಾವ


ಫೆಬ್ರವರಿ 3

ಭಾವ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಓದಲು ಅದರಲ್ಲಿ ಏನೂ ಇಲ್ಲದ್ದರಿಂದ ಬೇಗ ಮುಗಿಯಿತು.

ಐದನೆಯದನ್ನು ನುಡಿಸಬೇಡ ಎನ್ನುತ್ತೀರಿ. ಈ ಆಲ್ಬಮ್ಮಿನಲ್ಲಿ ನಮ್ಮ ಮಾನ ಉಳಿಸಿರುವುದೇ ಆ 'ಮೂವತ್ತೊಂದು'. ವಾರಪತ್ರಿಕೆಯ ಹಿರಿಯ ವಿಮರ್ಶಕರು, ಯಾರನ್ನೂ ಹೊಗಳದ ಮನುಷ್ಯ, ಏನು ಬರೆದಿದ್ದಾರೆ ಕೇಳಿ: "ಉಳಿದ ಎಂಟನ್ನು ಮರೆಯಬಹುದು. ಐದನೆಯದನ್ನು ಮರೆಯಲಾಗದು. ಇದರಲ್ಲಿ ಮನುಷ್ಯರ ಸುಳಿವೇ ಇಲ್ಲ. ಸೋರುವ ಕವಾಟವೊಂದು ತನ್ನ ಪಾಡಿಗೆ ತಾನು ಉಸಿರಾಡುತ್ತಿದೆ. ಅದಕ್ಕೆ ನಾವು ಯಾರೂ ಬೇಕಿಲ್ಲ."

ನನಗೂ ಅನ್ನಿಸಿದ್ದು ಅದೇ. ಜುಲೈನಲ್ಲಿ ಆ ಮೂವತ್ತೊಂದನೇ ಕಾರ್ಡ್ ಬಂದ ದಿನ ಅಂಗಡಿಯ ಬಾಗಿಲು ಹಾಕಿ ಕೂತೆ. ಮೊದಲ ನಲವತ್ತು ಸೆಕೆಂಡು ಕೇಳುವಷ್ಟರಲ್ಲಿ ಮೈ ಜುಮ್ಮೆಂದಿತು. ಅಲ್ಲಲ್ಲಿ ಹಾರಿಸುತ್ತ ಬೇಕಾದ ತುಂಡುಗಳನ್ನು ಅವತ್ತೇ ಕತ್ತರಿಸಿ, ಕಾರ್ಡ್ ಅಳಿಸಿ, ಮರುದಿನವೇ ಅಂಚೆಗೆ ಹಾಕಿದೆ. ಜೊತೆಗಿಟ್ಟ ಚೀಟಿಯೂ ನೆನಪಿದೆ: "ಎಂಥಾ ಸೋರುವ ವಾಲ್ವು ಹಿಡಿದಿದ್ದೀರಿ ಭಾವ! ಇಂಥವೇ ಇನ್ನೆರಡು ಕಳಿಸಿ."

ನಿಮ್ಮ ಸಿಟ್ಟು ಹಾಡಿನ ಮೇಲಲ್ಲ, ನನ್ನ ಮೇಲೆ. ಅದನ್ನು ನೀವು ಹೇಳುವುದಿಲ್ಲ, ನಾನೇ ಹೇಳುತ್ತೇನೆ. ಆಪರೇಷನ್ ಆದ ಮೇಲೆ ನಾನು ಅಕ್ಕನನ್ನು ನೋಡಲು ಬರಲಿಲ್ಲ. ಆಲ್ಬಮ್ ಮುಗಿಸಿ ಬರ್ತೀನಿ, ಈ ಹಾಡು ಮುಗಿಸಿ ಬರ್ತೀನಿ ಎಂದು ನಾಲ್ಕು ತಿಂಗಳು ತಳ್ಳಿದೆ. ನಿಜ ಹೇಳಬೇಕೆಂದರೆ ಹೆದರಿದೆ. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ನನ್ನನ್ನು ಬೈದು ಬೆಳೆಸಿದ ಬಾಯಿ ಅದು. ಆ ದನಿ ಇಲ್ಲದ ಅಕ್ಕನ ಎದುರು ಹೇಗೆ ಕೂರುವುದು ಎಂದು ತಿಳಿಯಲಿಲ್ಲ. ಊರಿನ ಕಿವುಡರೆಲ್ಲ ನನ್ನ ಹತ್ತಿರ ಬರುತ್ತಾರೆ, ನಾನು ಮಾತ್ರ ಸ್ವಂತ ಅಕ್ಕನ ಹತ್ತಿರ ಹೋಗಲಿಲ್ಲ.

ಅದಕ್ಕೆ ಎಷ್ಟು ಬೇಕಾದರೂ ಬೈಯಿರಿ. ಹಾಡನ್ನು ಮಾತ್ರ ನುಡಿಸಿಯೇ ನುಡಿಸುತ್ತೇನೆ.

ಹಟಮಾರಿ ಭಾಮೈದ


ಫೆಬ್ರವರಿ 22

ಭಾವ,

ಉತ್ತರ ಬರಲಿಲ್ಲ. ನೀವೂ ಬರಲಿಲ್ಲ. ಕೊನೆಯ ಗಳಿಗೆಯವರೆಗೂ ಗೋದಾಮಿನ ಬಾಗಿಲನ್ನೇ ನೋಡುತ್ತಿದ್ದೆ.

ಜನ ತುಂಬಿದ್ದರು. ಮೊದಲ ನಾಲ್ಕಕ್ಕೆ ಕೆಮ್ಮಿದರು, ಫೋನ್ ನೋಡಿಕೊಂಡರು. ಐದನೆಯದು ಶುರುವಾದದ್ದೇ ತಡ, ಎಲ್ಲರೂ ಎದ್ದು ನಿಂತರು. ಆ ಸೋರುವ ಬಡಿತಕ್ಕೆ ನಾನೂರು ಜನ ಒಟ್ಟಿಗೆ ಕಾಲು ಹಾಕಿದರೆ ನೆಲವೇ ಅದುರುತ್ತದೆ. ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೂಗಿದರು. ಮೂರು ಸಲ ನುಡಿಸಿದೆ.

ಖುಷಿಯಾಗಬೇಕಿತ್ತು, ಆಗಲಿಲ್ಲ. ಅಕ್ಕ ಇದ್ದಿದ್ದರೆ ನಿಮ್ಮ ಕತ್ತಿನಪಟ್ಟಿ ಹಿಡಿದು ಎಳೆದುಕೊಂಡು ಬರುತ್ತಿದ್ದಳು.

ಭಾಮೈದ


ಮಾರ್ಚ್ 14

ಭಾವ,

ಈ ವಾರದ ಪತ್ರಿಕೆಯ ಓದುಗರ ಓಲೆಯಲ್ಲಿ ಇದು ಬಂದಿದೆ. ಕತ್ತರಿಸಿ ಕಳಿಸಿದರೆ ನೀವು ಡ್ರಾಯರಿಗೆ ಹಾಕುತ್ತೀರಿ, ಆದ್ದರಿಂದ ಅಕ್ಷರ ಬಿಡದೆ ಇಲ್ಲೇ ನಕಲು ಮಾಡುತ್ತಿದ್ದೇನೆ.

"ಸಂಪಾದಕರಿಗೆ,

ನಾನು ರಿಟೈರಾದ ಬಸ್ ಕಂಡಕ್ಟರ್. ಆರು ವರ್ಷದ ಹಿಂದೆ ನನ್ನ ಧ್ವನಿಪೆಟ್ಟಿಗೆ ತೆಗೆದರು. ಕೊರಳಲ್ಲಿ ತೂತಿದೆ, ಅದನ್ನು ಬೆರಳಿನಿಂದ ಮುಚ್ಚಿಕೊಂಡು ಮಾತಾಡುತ್ತೇನೆ. ಮೊಮ್ಮಗಳು ಹಾಕಿದ್ದರಿಂದ ಈ ಐದನೇ ಹಾಡು ನನ್ನ ಕಿವಿಗೂ ಬಿತ್ತು. ನಿಮ್ಮ ವಿಮರ್ಶಕರು ಇದರಲ್ಲಿ ಮನುಷ್ಯರ ಸುಳಿವೇ ಇಲ್ಲ ಎಂದು ಬರೆದಿದ್ದಾರೆ. ಅವರು ಒಂದು ದಿನ ನಮ್ಮ ಮನೆಗೆ ಬರಲಿ. ಗಾಳಿ ಎಳೆದುಕೊಳ್ಳುವುದು, ಬೆರಳು ಒತ್ತುವುದು, ಬೆರಳು ಜಾರಿದಾಗ ಬುಸ್ಸೆಂದು ಸೋರುವುದು, ಎಲ್ಲವನ್ನೂ ನನ್ನ ಕೊರಳಲ್ಲೇ ದಿನವೂ ಕೇಳುತ್ತೇನೆ. ಎಷ್ಟೇ ನಿಧಾನ ಮಾಡಿದರೂ ನನಗೆ ಗುರುತು ಸಿಗುತ್ತದೆ. ಅದು ಕವಾಟವಲ್ಲ. ಯಾರೋ ಮಾತಾಡುತ್ತಿದ್ದಾರೆ. ಪಾಪ, ಬಹಳ ಕಷ್ಟಪಟ್ಟು ಮಾತಾಡುತ್ತಿದ್ದಾರೆ."

ಭಾವ, ನಾವು ಇಷ್ಟು ವರ್ಷ ಒಮ್ಮೆಯೂ ಮುರಿಯದ ನಿಯಮವನ್ನು ಇವತ್ತು ಮುರಿಯುತ್ತಿದ್ದೇನೆ. ಮೂವತ್ತೊಂದರಲ್ಲಿ ಏನಿತ್ತು?

ಕಂಡಕ್ಟರ್ ಹೇಳಿದ್ದು ಸುಳ್ಳು ಎಂದು ಒಂದೇ ಸಾಲು ಬರೆಯಿರಿ, ಸಾಕು.

ಭಾಮೈದ


ಮಾರ್ಚ್ 25

ತಮ್ಮಾ,

ಅದು ನಿನ್ನಕ್ಕ.

ಆಪರೇಷನ್ ಆಗಿ ಮೂರನೇ ತಿಂಗಳಿಗೆ ಅವಳು ಬೆರಳು ಮುಚ್ಚಿ ಮಾತಾಡುವುದನ್ನು ಕಲಿತಳು. ಹೊಸಬರಿಗೆ ತಿಳಿಯುವ ಮಾತಲ್ಲ ಅದು, ನನಗೆ ಅಭ್ಯಾಸವಾಗಿತ್ತು. ಫೋನಿನಲ್ಲಿ ನಿನಗೆ ಅರ್ಥವಾಗುವುದಿಲ್ಲ ಎಂದು ಅವಳೇ ಬೇಡ ಅಂದಳು. ಜುಲೈ ಮೊದಲ ವಾರ, ಒಂದು ಬೆಳಗ್ಗೆ, ನನ್ನ ರೆಕಾರ್ಡರ್ ತರಿಸಿಕೊಂಡು ಹಾಸಿಗೆಯ ಮೇಲೆ ಇಟ್ಟುಕೊಂಡಳು. ನನಗೆ ಹೊರಗೆ ಹೋಗಿ ಅಂದಳು. ನಾನೂ ಕೇಳ್ತೀನಿ ಅಂದೆ. "ನಿಮಗೆ ದಿನಾ ಹೇಳ್ತಾನೇ ಇದೀನಲ್ಲ. ಇದು ಅವನಿಗೆ" ಅಂದಳು. ಅಷ್ಟು ಹೇಳಲು ಮೂರು ಸಲ ಗಾಳಿ ಎಳೆದುಕೊಳ್ಳಬೇಕಾಯಿತು. ನಾನು ಮೆಟ್ಟಿಲ ಮೇಲೆ ಕೂತೆ. ಹನ್ನೊಂದು ನಿಮಿಷ. ಒಳಗಿನಿಂದ ಸದ್ದು ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಡುವೆ ಒಂದು ಸಲ ಅತ್ತಳು ಎಂದು ಕಾಣುತ್ತದೆ. ಆ ಸ್ಥಿತಿಯಲ್ಲಿ ಅಳುವುದಕ್ಕೂ ಕೆಮ್ಮುವುದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ.

ಕಾರ್ಡಿನ ಮೇಲೆ ಹೆಸರು ಬರೆಯಲು ಹೊರಟೆ. ತಡೆದಳು. "ನಂಬರಷ್ಟೇ ಹಾಕಿ. ಊರಿಗೆಲ್ಲ ಕಿವಿ ಕೂರಿಸ್ತಾನೆ, ನನ್ನ ಗುರುತು ಹಿಡೀತಾನೋ ಇಲ್ವೋ ನೋಡೋಣ" ಅಂದಳು. ತಮಾಷೆಗೆ ಅಂದದ್ದು. ಎಷ್ಟೋ ದಿನದ ಮೇಲೆ ತಮಾಷೆ ಮಾಡಿದ್ದಳು ಎಂದು ನಾನೂ ಹೂಂ ಅಂದೆ. ನೀನು ಮೊದಲು ನಿಧಾನ ಮಾಡಿ ಕೇಳುತ್ತೀಯ, ಅಳಿಸಿ ಕಳಿಸುತ್ತೀಯ, ಎರಡೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ. ದಿನವೂ ಕೇಳಿ ಕೇಳಿ ಅವಳ ಮಾತು ಎಲ್ಲರಿಗೂ ಮಾತಾಗಿಯೇ ಕೇಳಿಸುತ್ತದೆ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಕಾರ್ಡ್ ಖಾಲಿಯಾಗಿ ಬಂತು, ನಿನ್ನ ಚೀಟಿಯೊಂದಿಗೆ.

ಆವತ್ತೇ ನಿನಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಮರುದಿನ ಕೆಲಸಕ್ಕೆ ಹೋಗಿ, ಅದೇ ಕಾರ್ಡನ್ನು ರೆಕಾರ್ಡರಿಗೆ ಹಾಕಿ, ಒಂದು ನಿಜವಾದ ವಾಲ್ವಿನ ಮುಂದೆ ಇಡೀ ದಿನ ಇಟ್ಟು ಕಾರ್ಡ್ ತುಂಬಿಸಿ ನಿನಗೆ ಕಳಿಸಿದೆ. ತಗೋ, ವಾಲ್ವು ಬೇಕಿತ್ತಲ್ಲ, ಎಂದು. ಅದೇ ಮೂವತ್ತೆರಡು. ಸಪ್ಪೆಯಾಗಿದೆ ಎಂದು ನೀನು ಅದನ್ನು ಬಳಸಲೇ ಇಲ್ಲ.

ಆಮೇಲೆ ಮೂರು ವಾರಕ್ಕೆ ಅವಳು ಹೋದಳು. ಆಮೇಲೆ ಹೇಳಿ ಏನು ಪ್ರಯೋಜನ ಎಂದುಕೊಂಡೆ. ನೀನು ಆ ಹಾಡನ್ನು ಆಲ್ಬಮ್ಮಿಗೆ ಹಾಕುವಾಗಲೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನೀನು ಅದನ್ನೂ ಅಳಿಸುತ್ತಿದ್ದೆ. ಆಗ ಅವಳದು ಅಂತ ಅಷ್ಟೂ ಉಳಿಯುತ್ತಿರಲಿಲ್ಲ.

ಭಾವ


ಏಪ್ರಿಲ್ 20

ಭಾವ,

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಈ ಮೂರು ವಾರ ಏನು ಮಾಡಿದೆ ಎಂದು ಹೇಳುತ್ತೇನೆ, ಬೇರೆ ಯಾರಿಗೂ ಹೇಳಲಾರೆ.

ನನ್ನ ಕಂಪ್ಯೂಟರಿನಲ್ಲಿ ಇಪ್ಪತ್ತಾರು ತುಂಡುಗಳಿವೆ. ಎಲ್ಲ ಸೇರಿಸಿದರೆ ಹದಿನಾಲ್ಕು ಸೆಕೆಂಡು. ಹನ್ನೊಂದು ನಿಮಿಷದಲ್ಲಿ ನಾನು ಉಳಿಸಿಕೊಂಡದ್ದು ಅಷ್ಟೇ. ಮೂವತ್ತೆರಡರ ಕಾರ್ಡ್ ನನ್ನಲ್ಲೇ ಉಳಿದಿತ್ತು, ಅದನ್ನು ರಿಪೇರಿಯವರಿಗೆ ಕೊಟ್ಟು ನೋಡಿದೆ. ಅಳಿಸಿದ್ದನ್ನು ವಾಪಸ್ ತೆಗೆಯಬಹುದಂತೆ, ಆದರೆ ಅದರ ಮೇಲೆ ಬೇರೆ ತುಂಬಿಸಿದ್ದರೆ ಆಗುವುದಿಲ್ಲವಂತೆ. ನಿಮ್ಮನ್ನು ದೂರುತ್ತಿಲ್ಲ. ದೂರಲು ನನಗೆ ಯಾವ ಮುಖವಿದೆ.

ಕಂಡಕ್ಟರನ್ನು ಹುಡುಕಿಕೊಂಡು ಹೋಗಿ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಅವರು ಅಂಗಡಿಗೆ ಬಂದರು. ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ, ಜನರ ಕಿವಿ ಪರೀಕ್ಷೆ ಮಾಡುವ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಇಪ್ಪತ್ತಾರನ್ನೂ ನಿಧಾನ ಮಾಡದೆ, ಅವುಗಳದೇ ವೇಗದಲ್ಲಿ ಹಾಕಿದೆ. ನಾನೂ ಆಗಲೇ ಮೊದಲ ಸಲ ಕೇಳಿದ್ದು. ಅದು ಅಕ್ಕನ ದನಿಯಲ್ಲ ಭಾವ, ಯಾರ ದನಿಯೂ ಅಲ್ಲ. ಆದರೆ ಗದರುವ ಆ ಧಾಟಿ ಅವಳದೇ. ಒಂದು ಅರ್ಧ ಸೆಕೆಂಡಿಗೇ ಗೊತ್ತಾಯಿತು. ಜುಲೈನಲ್ಲಿ ಒಂದೇ ಒಂದು ಸಲ ಹೀಗೆ ಕೇಳಿದ್ದರೆ ಸಾಕಿತ್ತು.

ಕಂಡಕ್ಟರ್ ಕಣ್ಣು ಮುಚ್ಚಿ, ತುಟಿ ಆಡಿಸುತ್ತ, ಎರಡು ಗಂಟೆ ಕೇಳಿದರು. ಹೆಚ್ಚಿನವು ಬರೀ ಉಸಿರು ಅಂದರು. ಒಂದು 'ಕೊಡು' ಇರಬಹುದು. ಒಂದು 'ಮನೆ' ಅಥವಾ 'ಮೊನ್ನೆ'. ಒಂದು 'ಅವರನ್ನ'. ಕೊನೆಗೆ ಒಂದನ್ನು ಮಾತ್ರ ಖಂಡಿತವಾಗಿ ಹೇಳಿದರು. ಬೆರಳು ಒತ್ತಿಕೊಂಡು, "ಇದು ಪ್ರಶ್ನೆ ಕಣಪ್ಪಾ. 'ಆಯ್ತಾ?' ಅಂತ ಕೇಳ್ತಿದಾರೆ. ಏನೋ ಒಪ್ಪಿಸಿ, ಆಯ್ತಾ ಅಂತಿದಾರೆ" ಅಂದರು.

ಅದು ಆ ಹಾಡಿನ ಮುಖ್ಯ ಬಡಿತ. ಎಣಿಸಿದೆ. ಇನ್ನೂರ ಹದಿನಾರು ಸಲ ಬರುತ್ತದೆ. ಗೋದಾಮಿನಲ್ಲಿ ಮೂರು ಸಲ ನುಡಿಸಿದೆನಲ್ಲ, ನಾನೂರು ಜನರ ಎದುರು ಅಕ್ಕ ನನ್ನನ್ನು ಕೇಳುತ್ತಲೇ ಇದ್ದಳು, ನಾನು ತಲೆ ಅಲ್ಲಾಡಿಸುತ್ತ ಬೆವರು ಒರೆಸಿಕೊಳ್ಳುತ್ತಿದ್ದೆ.

ಆಲ್ಬಮ್ ತಂದ ಕಂಪನಿಯವರಿಗೆ ಆ ಹಾಡು ತೆಗೆದುಬಿಡಿ ಎಂದೆ. ಜನ ಕೇಳುತ್ತಿರುವುದೇ ಅದೊಂದನ್ನು, ಹೇಗೆ ತೆಗೆಯಲಿ ಅಂದರು. ವಾರಪತ್ರಿಕೆಗೆ ನಡೆದದ್ದನ್ನೆಲ್ಲ ಬಿಚ್ಚಿ ಬರೆದೆ, ಇದು ಕಲೆಯಲ್ಲ, ನಾನು ಮಾಡಿದ ತಪ್ಪು ಎಂದು. ಹಿರಿಯ ವಿಮರ್ಶಕರು ಮತ್ತೆ ಒಂದು ಪುಟ ಬರೆದರು: "ಮನುಷ್ಯರಿಲ್ಲ ಎಂದು ನಾನು ಭಾವಿಸಿದ್ದ ಜಾಗದಲ್ಲಿ ಸಾಯುತ್ತಿರುವ ಅಕ್ಕ ಇದ್ದಾಳೆ. ತಮ್ಮನ ಶೋಕಕ್ಕೆ ಇದಕ್ಕಿಂತ ದಿಟ್ಟ ರೂಪ ಇರಲಾರದು. ತಪ್ಪು ಎನ್ನುವುದು ಅವರ ವಿನಯ." ಈಗ ಎಲ್ಲರೂ ನಮಗೆ ಐದಕ್ಕೆ ಐದು ಕೊಡುತ್ತಿದ್ದಾರೆ. ಎರಡು ನಕ್ಷತ್ರ ಕೊಟ್ಟವನೂ ಬದಲಾಯಿಸಿಕೊಂಡ. ಅಂಗಡಿಗೆ ಬಂದವರು ನನ್ನ ಕೈ ಹಿಡಿದು ಕಣ್ಣೀರು ಹಾಕುತ್ತಾರೆ. ನಾನು ಕೈ ಬಿಡಿಸಿಕೊಂಡು ಒಳಗೆ ಹೋಗುತ್ತೇನೆ.

ಒಂದೇ ಒಂದು ಕೇಳಬೇಕು. ಅದಕ್ಕೆ ಉತ್ತರ ಸಿಗದೆ ನಾನು ಯಾವ ಕೆಲಸವನ್ನೂ ಮಾಡಲಾರೆ. ಕಾರ್ಡ್ ಖಾಲಿಯಾಗಿ ಬಂದದ್ದು ಅಕ್ಕನಿಗೆ ಗೊತ್ತಾಯಿತಾ? ಸೋರುವ ವಾಲ್ವು ಎಂದು ನಾನು ಬರೆದದ್ದನ್ನು ಓದಿದಳಾ? ನನ್ನ ಮೇಲೆ ದಯೆ ತೋರಿಸಲು ಸುಳ್ಳು ಬರೆಯಬೇಡಿ.

ಅಕ್ಕನ ತಮ್ಮ


ಮೇ 4

ತಮ್ಮಾ,

ಸುಳ್ಳು ಬರೆಯುವುದಿಲ್ಲ. ಸುಳ್ಳಿನ ಕೋಟಾ ಮುಗಿದಿದೆ.

ಅವಳು ಓದಲಿಲ್ಲ. ಕಳಿಸಿದ ದಿನದಿಂದ ದಿನಾ ನನ್ನ ಮುಖ ನೋಡಿ ಹುಬ್ಬು ಹಾರಿಸುತ್ತಿದ್ದಳು, ಬಂತಾ ಎಂದು. ಎಂಟನೇ ದಿನ ಮಧ್ಯಾಹ್ನ ಬಂತು. ಕೆಳಗೆ ಅಂಚೆಪೆಟ್ಟಿಗೆಯ ಹತ್ತಿರವೇ ಒಡೆದು ಓದಿದೆ. ಓದಿ ಅಲ್ಲೇ ಲಿಫ್ಟಿನಲ್ಲಿ ನಿಂತುಕೊಂಡೆ. ಮೇಲಕ್ಕೆ ಹೋಗಿ ಕೆಳಕ್ಕೆ ಬಂದೆ, ಮತ್ತೆ ಹೋದೆ. ಪಕ್ಕದ ಮನೆಯಾಕೆ ಲಿಫ್ಟು ಕೆಟ್ಟಿದೆಯಾ ಎಂದು ಕೇಳಿದಳು.

ಒಳಗೆ ಹೋದೆ. ಕೈಯಲ್ಲಿ ಲಕೋಟೆ ಇದ್ದದ್ದನ್ನು ಅವಳು ನೋಡಿಯೇ ಬಿಟ್ಟಳು. ದಿಂಬು ಸರಿ ಮಾಡಿಕೊಂಡು ಎದ್ದು ಕೂತಳು. ಕೂದಲು ಕೂಡ ಹಿಂದಕ್ಕೆ ತಳ್ಳಿಕೊಂಡಳು, ನೀನೇ ಬಂದು ಬಾಗಿಲಲ್ಲಿ ನಿಂತ ಹಾಗೆ. ಬೆರಳು ಒತ್ತಿಕೊಂಡು, "ಗುರುತು ಹಿಡಿದ್ನಾ?" ಅಂದಳು.

"ಹಿಡಿದ" ಅಂದೆ.

"ಪೂರ್ತಿ ಕೇಳಿದ್ನಾ?"

"ಎರಡು ಸಲ ಕೇಳಿದ್ನಂತೆ."

"ಅತ್ನಾ?"

"ಅತ್ತುಬಿಟ್ಟೆ ಅಂತ ಬರೆದಿದಾನೆ."

ಚೀಟಿ ಕೊಡಿ ಎಂದು ಕೈ ಚಾಚಿದಳು. ನಾನು ಜೇಬಿಗೆ ಹಾಕಿಕೊಂಡು, ಇದು ನಮ್ಮ ಗಂಡಸರ ವಿಷಯ, ನೀನು ನನ್ನನ್ನು ಹೊರಗೆ ಕೂರಿಸಿದೆಯಲ್ಲ ಅಂದೆ. ನಕ್ಕಳು. ಆಮೇಲೆ ಬೆರಳು ಒತ್ತಿ, ನಿಧಾನಕ್ಕೆ, "ನಾನು ಕೇಳಿದ್ದಕ್ಕೆ ಏನಂದ?" ಅಂದಳು.

ಅವಳು ಏನು ಕೇಳಿದ್ದಳು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ತೋರಿಸಿಕೊಂಡರೆ ಎಲ್ಲ ಹೊರಬೀಳುತ್ತಿತ್ತು.

"ಆಯ್ತು ಅಂದಿದಾನೆ" ಅಂದೆ.

"ನಿಜವಾಗ್ಲೂ?"

"ಅಕ್ಕನ ಮಾತು ಅಂದ ಮೇಲೆ ಮುಗೀತು, ಆಯ್ತು ಅಂತ ಬರೆದಿದಾನೆ."

ಅವಳು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಒಂದು ದೊಡ್ಡ ಭಾರ ಇಳಿದಂತೆ ಇತ್ತು ಮುಖ. ಆ ಮಧ್ಯಾಹ್ನ ಅವಳು ನಾಲ್ಕು ಗಂಟೆ ನೋವಿಲ್ಲದೆ ಮಲಗಿದಳು. ಆಮೇಲೆ ಇದ್ದ ಮೂರು ವಾರವೂ ನಿನ್ನ ಮಾತು ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ ಅವಳಿಗೆ.

ಈಗ ನಿನಗೆ ಎಲ್ಲ ಗೊತ್ತಾಯಿತು. ನೀನು ನಿನ್ನಕ್ಕನಿಗೆ ಮಾತು ಕೊಟ್ಟಿದ್ದೀಯ, ಅದನ್ನು ನಂಬಿಯೇ ಅವಳು ಹೋದಳು. ಏನೆಂದು ಮಾತು ಕೊಟ್ಟೆ ಎನ್ನುವುದು ನಿನಗೂ ಗೊತ್ತಿಲ್ಲ, ನಿನ್ನ ಪರವಾಗಿ ಕೊಟ್ಟ ನನಗೂ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳೋಣ ಎಂದರೆ ಯಾರೂ ಇಲ್ಲ.

ಭಾವ